ಕಳ್ಳನಿಗೂ ಗೊತ್ತಿಲ್ಲ, ಗುಜರಿಯವನಿಗೂ ಗೊತ್ತಿಲ್ಲ: ಹಾಗಾದರೆ ಹೇಳಬೇಕಾದವರು ಯಾರು?

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಹಿರಿಯೂರು–ಚಿತ್ರದುರ್ಗ ನಡುವಿನ ಹೆದ್ದಾರಿ 48. ರಾತ್ರಿ ಡಾಬಾ ಮುಂದೆ ನಿಂತ ಪಿಕಪ್‌ನಿಂದ ಒಂದು ಹಳದಿ ಪೆಟ್ಟಿಗೆ ಮಾಯ. ಕದ್ದವನ ಲೆಕ್ಕ ಸರಳ: ಭಾರ ಇದೆ, ಅಂದಮೇಲೆ ಗುಜರಿಯಲ್ಲಿ ದುಡ್ಡಿದೆ.

ಆ ಪೆಟ್ಟಿಗೆ ರಸ್ತೆಯ ಮಣ್ಣು, ಡಾಂಬರು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಅಳೆಯುವ ಮಾಪಕವಾಗಿದ್ದರೆ ಒಳಗಿರುವುದು ಸೀಸಿಯಂ-137, ಅಮೆರಿಸಿಯಂ-241. ಪೈಪ್ ವೆಲ್ಡಿಂಗಿನ ಬಿರುಕು ಹುಡುಕುವ ಕ್ಯಾಮೆರಾ ಆಗಿದ್ದರೆ ಇರಿಡಿಯಂ-192. ಬೀಗ ಹಾಕಿದ ಕವಚದೊಳಗೆ ಇದ್ದಷ್ಟು ಹೊತ್ತು ದೊಡ್ಡ ಅಪಾಯ ಇಲ್ಲ, ಗಾಬರಿ ಬೇಡ. ಅಪಾಯ ಶುರುವಾಗುವುದು ಸುತ್ತಿಗೆ ಬಿದ್ದಾಗ. ಅಂದರೆ ಮೊದಲ ಬಲಿ ಕಳ್ಳ ಅಥವಾ ಗುಜರಿ ಅಂಗಡಿಯ ದಿನಗೂಲಿ ಹುಡುಗ.

ಇದು ಕಟ್ಟುಕಥೆಯಲ್ಲ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಕ್ಲಿನಿಕ್‌ನಿಂದ ಇಬ್ಬರು ಕ್ಯಾನ್ಸರ್ ಚಿಕಿತ್ಸಾ ಯಂತ್ರದ ಭಾಗ ಹೊತ್ತೊಯ್ದರು. 4 ಜನ ಸತ್ತರು, 249 ಜನರಿಗೆ ವಿಕಿರಣದ ಸೋಂಕು ತಗುಲಿತು. ವಿಷಯ ಬಯಲಾಗಿದ್ದು ಹೇಗೆ ಗೊತ್ತಾ? ಗುಜರಿಯವನ ಹೆಂಡತಿ ಅನುಮಾನಪಟ್ಟು ಆ ವಸ್ತುವನ್ನು ಆರೋಗ್ಯ ಕಚೇರಿಗೆ ಒಯ್ದಳು. ಆಮೇಲೆ ಆಕೆಯೂ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಕಳ್ಳನೂ ಬೇಕಾಗಲಿಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ತನ್ನ ಹಳೆಯ ಕೋಬಾಲ್ಟ್-60 ಯಂತ್ರವನ್ನು ಹರಾಜು ಹಾಕಿತು. ಮಾಯಾಪುರಿಯ ಗುಜರಿಯಲ್ಲಿ ಅದನ್ನು ಬಿಚ್ಚಿದರು. ಒಬ್ಬ ಕಾರ್ಮಿಕ ಸತ್ತ. 2012ರಲ್ಲಿ ಸಿಎಜಿ ವರದಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನೇ ತರಾಟೆಗೆ ತೆಗೆದುಕೊಂಡಿತು: ದೇಶದ ಎಲ್ಲಾ ವಿಕಿರಣ ಮೂಲಗಳ ಪೂರ್ಣ ಪಟ್ಟಿ ನಿಮ್ಮ ಬಳಿಯೇ ಇಲ್ಲವಲ್ಲ ಅಂತ.

2004ರ ನಿಯಮದ ಪ್ರಕಾರ ಇಂಥ ವಸ್ತು ಕಳೆದುಹೋದರೆ ಮಾಲೀಕರು 24 ಗಂಟೆಯೊಳಗೆ ತಿಳಿಸಬೇಕು. ಸರಿ, ಸುದ್ದಿ ಮುಂಬೈಗೆ ಹೋಯಿತು. ಹೊಳಲ್ಕೆರೆಯ ಗುಜರಿ ಅಂಗಡಿಗೆ? 2023ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 8 ಮಿಲಿಮೀಟರ್ ಉದ್ದದ ಸೀಸಿಯಂ ತುಂಡು ಲಾರಿಯಿಂದ ಬಿದ್ದಾಗ ಸರ್ಕಾರ ಅದರ ಚಿತ್ರ, ಅಳತೆ, ಲಾರಿ ಹೋದ ದಾರಿ ಎಲ್ಲವನ್ನೂ ಜನರ ಮುಂದಿಟ್ಟಿತು: ಕಂಡರೆ ಮುಟ್ಟಬೇಡಿ, ದೂರ ನಿಲ್ಲಿ, ಫೋನ್ ಮಾಡಿ. ಫೆಬ್ರವರಿ 1ಕ್ಕೆ ತುಂಡು ಸಿಕ್ಕಿತು.

ಚಿತ್ರದುರ್ಗ ಜಿಲ್ಲೆಗೆ ಇದು ದೂರದ ಮಾತಲ್ಲ. ಹೆದ್ದಾರಿ, ಗಣಿ, ಭದ್ರಾ ಮೇಲ್ದಂಡೆಯ ಕಾಲುವೆ, ಕುಡಿಯುವ ನೀರಿನ ಪೈಪ್‌ಲೈನ್: ಹಿರಿಯೂರಿನಿಂದ ಹೊಸದುರ್ಗದವರೆಗೆ ಕಾಮಗಾರಿಯ ಸೀಮೆ ಇದು. ಇಂಥ ಉಪಕರಣಗಳು ಓಡಾಡುವುದೂ ಇಂಥ ಕಡೆಯೇ.

ಆ ಮೂರೆಸಳಿನ ಚಿಹ್ನೆ ನೋಡಿದರೆ ಎಷ್ಟು ಜನಕ್ಕೆ ಅರ್ಥ ಆಗುತ್ತೆ? ಹೆಚ್ಚಿನವರಿಗೆ ಆಗಲ್ಲ ಅಂತಲೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2007ರಲ್ಲಿ ತಲೆಬುರುಡೆ, ಓಡುವ ಮನುಷ್ಯ ಇರುವ ಹೊಸ ಚಿಹ್ನೆ ತಂತು. ನಮ್ಮಲ್ಲಿ ಕನಿಷ್ಠ ಮೂರು ಕೆಲಸ ಆಗಲಿ: ಪೆಟ್ಟಿಗೆ ಮೇಲೆ ಕನ್ನಡದಲ್ಲಿ ಎಚ್ಚರಿಕೆ, ಪ್ರತಿ ಗುಜರಿ ಅಂಗಡಿಯಲ್ಲಿ ಚಿತ್ರ ಸಹಿತ ಪೋಸ್ಟರ್, ಕಳವಾದ ದಿನವೇ ಪೊಲೀಸರಿಂದ ಬಹಿರಂಗ ಪ್ರಕಟಣೆ. ಜೊತೆಗೆ, ತಂದು ಒಪ್ಪಿಸಿದವನನ್ನು ಮೊದಲು ಆಸ್ಪತ್ರೆಗೆ ಕಳಿಸಿ, ಲಾಕಪ್ಪಿಗಲ್ಲ. ಕೇಸಿನ ಭಯಕ್ಕೆ ಅವನು ಪೆಟ್ಟಿಗೆಯನ್ನು ಕೆರೆಗೆ ಎಸೆದರೆ ಕಳೆದುಕೊಳ್ಳುವವರು ನಾವೇ.