ಹೊಸಬರ ಪ್ರಶ್ನೆಗಳಿಗೆ ಸಲ್ಲುವ ಮರ್ಯಾದೆ

ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ಹೊಗಳದ ಭಾಷಣಕಾರರಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿಯೂ ವಿಜ್ಞಾನ ಸಂಘದ ಉದ್ಘಾಟನೆಯಲ್ಲಿಯೂ ಈ ಮಾತು ತಪ್ಪದೆ ಕೇಳಿಬರುತ್ತದೆ. ಆದರೆ ಪ್ರಶ್ನೆಯೊಂದು ನಿಜವಾಗಿಯೂ ಎದುರು ಬಂದು ನಿಂತಾಗ, ಅದರಲ್ಲಿಯೂ ಅದು ತೀರ ಎಳೆಯ ಪ್ರಶ್ನೆಯಾದಾಗ, ಬಲ್ಲವರು ಅದನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದು ಬೇರೆಯೇ ವಿಚಾರ. ಇದನ್ನು ಪರಿಶೀಲಿಸುವುದಕ್ಕೆ ಗಣಕಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರ ಲೋಕಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯಲಾರದು. ಏಕೆಂದರೆ ಅಲ್ಲಿ ಹೊಸಬರ ಪ್ರಶ್ನೆಗಳೂ ಅವುಗಳಿಗೆ ದೊರೆತ ಸ್ವಾಗತವೂ ಬಹುಮಟ್ಟಿಗೆ ಬಹಿರಂಗವಾಗಿ ದಾಖಲಾಗಿವೆ.

ಆ ಲೋಕದ ಅತ್ಯಂತ ಪ್ರಸಿದ್ಧವಾದ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ. ಅಮೆರಿಕದ ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪಾಲ್‌ಸ್ಕಿ ಎಂಬಿಬ್ಬರು ಇದನ್ನು 2008ರಲ್ಲಿ ಪ್ರಾರಂಭಿಸಿದರು. ಪ್ರೋಗ್ರಾಂ ಬರೆಯುವಾಗ ತೊಡಕಿಗೆ ಸಿಕ್ಕವರು ಅಂತರ್ಜಾಲದ ಮೂಲಕ ಇಲ್ಲಿ ಪ್ರಶ್ನೆ ಬರೆಯುತ್ತಾರೆ. ಬಲ್ಲವರು ಸಂಬಳವಿಲ್ಲದೆ ಉತ್ತರ ಬರೆಯುತ್ತಾರೆ. ಓದಿದವರು ಪ್ರಶ್ನೆಗೂ ಉತ್ತರಕ್ಕೂ ಮೆಚ್ಚುಗೆಯ ಮತವನ್ನೋ ತಿರಸ್ಕಾರದ ಮತವನ್ನೋ ನೀಡುತ್ತಾರೆ. ಹೊಸದಾಗಿ ಸೇರಿದವನ ಲೆಕ್ಕ 1 ಅಂಕದಿಂದ ಮೊದಲಾಗುತ್ತದೆ. ಸಾಕಷ್ಟು ಅಂಕ ಗಳಿಸಿದ ಹಳಬರಿಗೆ ಪ್ರಶ್ನೆಯೊಂದನ್ನು ಮುಚ್ಚಿಬಿಡುವ ಅಧಿಕಾರವೂ ಉಂಟು. ಮುಚ್ಚಿದ ಪ್ರಶ್ನೆಗೆ ಯಾರೂ ಹೊಸ ಉತ್ತರ ಬರೆಯುವಂತಿಲ್ಲ. ಬಹುಕಾಲದಿಂದ ನಡೆದುಬಂದ ಈ ನಿಯಮಗಳಲ್ಲಿ ಒಂದು ಚಿಕ್ಕ ಅಂಶ ಗಮನಾರ್ಹವಾದುದು. ಉತ್ತರವೊಂದಕ್ಕೆ ತಿರಸ್ಕಾರದ ಮತ ಹಾಕಿದವನು ತನ್ನ ಗಳಿಕೆಯಿಂದಲೂ 1 ಅಂಕವನ್ನು ತೆರಬೇಕು. ಪ್ರಶ್ನೆಗೆ ಹಾಕುವ ತಿರಸ್ಕಾರದ ಮತಕ್ಕಾದರೋ 2011ರಲ್ಲಿ ಆ ಬೆಲೆಯನ್ನು ತೆಗೆದುಹಾಕಲಾಯಿತು. ಬಲ್ಲವನ ತಪ್ಪನ್ನು ತೋರಿಸುವುದಕ್ಕೆ ಸುಂಕವುಂಟು, ಅರಿಯದವನನ್ನು ಹಳಿಯುವುದು ಪುಕ್ಕಟೆ ಎಂದಂತಾಯಿತು!

ಎಳೆಯ ಪ್ರಶ್ನೆಯೆಂದರೆ ಎಂತಹುದು? ಒಂದು ಉದಾಹರಣೆಯನ್ನು ನೋಡೋಣ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 0.1ಕ್ಕೆ 0.2ನ್ನು ಕೂಡಿಸೆಂದು ಗಣಕಕ್ಕೆ ಹೇಳಿದರೆ ಅದು ಕೊಡುವ ಮೊತ್ತ 0.3 ಅಲ್ಲ, 0.30000000000000004. ಪ್ರಾಥಮಿಕ ಶಾಲೆಯ ಹುಡುಗಿಯೊಬ್ಬಳು ಬಾಯಲ್ಲೇ ಮಾಡುವ ಲೆಕ್ಕವನ್ನು ಕೋಟಿಗಟ್ಟಲೆ ಲೆಕ್ಕಗಳನ್ನು ಕ್ಷಣದಲ್ಲಿ ಮಾಡುವ ಯಂತ್ರ ತಪ್ಪುವುದೆಂದರೇನು? 2009ರಲ್ಲಿ ಒಬ್ಬರು ಈ ಪ್ರಶ್ನೆಯನ್ನು ಅಲ್ಲಿ ಕೇಳಿದರು. ಉತ್ತರ ಸೊಗಸಾಗಿದೆ. 1ನ್ನು 3ರಿಂದ ಭಾಗಿಸಿದರೆ ನಮ್ಮ ದಶಮಾನ ಪದ್ಧತಿಯಲ್ಲಿ 0.333... ಎಂದು ಮುಗಿಯದ ಸಾಲು ಬರುತ್ತದೆ. ಎಲ್ಲಿಯಾದರೂ ಒಂದೆಡೆ ಅದನ್ನು ಕತ್ತರಿಸಲೇಬೇಕು. ಗಣಕ ಬಳಸುವುದು 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯನ್ನು. ಅಲ್ಲಿ ಅರ್ಧ, ಕಾಲು, ಅರೆಕಾಲುಗಳನ್ನು ಪೂರ್ಣವಾಗಿ ಬರೆಯಬಹುದು. ಹತ್ತರಲ್ಲೊಂದು ಮಾತ್ರ 0.000110011... ಎಂದು ಕೊನೆಯಿಲ್ಲದೆ ಸಾಗುತ್ತದೆ. ಗಣಕ ಸಾಮಾನ್ಯವಾಗಿ 53 ದ್ವಿಮಾನ ಅಂಕಿಗಳಿಗೆ ಅದನ್ನು ಸರಿಹೊಂದಿಸಿಕೊಳ್ಳುತ್ತದೆ. ಆಗ ಉಳಿದ ಎಳ್ಳಿನ ಮೊನೆಯಷ್ಟು ವ್ಯತ್ಯಾಸವೇ ಮೊತ್ತದ ಬಾಲದಲ್ಲಿ ಕಾಣಿಸಿಕೊಳ್ಳುವ ಆ 4.

ಇದು ಬರಿಯ ಕುತೂಹಲದ ಸಂಗತಿಯೆಂದು ತಿಳಿಯಬಾರದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ವ್ಯವಸ್ಥೆಯ ಗಣಕ ಕಾಲವನ್ನು ಸೆಕೆಂಡಿನ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತಿತ್ತು. ಹತ್ತರಲ್ಲೊಂದನ್ನು 24 ದ್ವಿಮಾನ ಅಂಕಿಗಳೊಳಗೆ ಕತ್ತರಿಸಿ ಇಟ್ಟುಕೊಂಡಿದ್ದುದರಿಂದ, ಸುಮಾರು 100 ಗಂಟೆಗಳ ಕಾಲ ಬಿಡುವಿಲ್ಲದೆ ನಡೆದ ಮೇಲೆ ಅದರ ಎಣಿಕೆ ಸೆಕೆಂಡಿನ ಮೂರರಲ್ಲೊಂದು ಪಾಲಿನಷ್ಟು ತಪ್ಪಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹಾರಬಲ್ಲುದು. ಗಣಕ ಆಕಾಶದ ಬೇರೆ ಭಾಗದಲ್ಲಿ ಕ್ಷಿಪಣಿಯನ್ನು ಹುಡುಕಿತು. "0.1 ಏಕೆ 0.1 ಅಲ್ಲ?" ಎಂಬ ಪ್ರಶ್ನೆ ಎಳೆಯದಿರಬಹುದು, ಹಗುರವಾದುದಲ್ಲ.

2009ರಲ್ಲಿ ಕೇಳಿದವರಿಗೆ ಒಳ್ಳೆಯ ಉತ್ತರ ಸಿಕ್ಕಿತು. ಅವರ ತರುವಾಯ ಅದೇ ಗೊಂದಲವನ್ನು ಬೇರೆ ಮಾತುಗಳಲ್ಲಿ ತಂದವರ ಪ್ರಶ್ನೆಗಳನ್ನು "ಈಗಾಗಲೇ ಕೇಳಿದ್ದಾಗಿದೆ" ಎಂಬ ಚೀಟಿ ಅಂಟಿಸಿ ಮುಚ್ಚಲಾಯಿತು. ಹಳಬರ ಪಕ್ಷದಲ್ಲಿ ನ್ಯಾಯವಿಲ್ಲವೆಂದಲ್ಲ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಬರೆಯುವ ತಾಳ್ಮೆ ಯಾರಿಗಿದೆ? ಮನೆಗೆಲಸವೆಂದು ಅಧ್ಯಾಪಕರು ಕೊಟ್ಟ ಲೆಕ್ಕವನ್ನು ಹಾಗೆಯೇ ಎತ್ತಿ ತಂದು "ಬೇಗ ಬಿಡಿಸಿಕೊಡಿ" ಎನ್ನುವವರಿದ್ದಾರೆ. ಯಂತ್ರ ತೋರಿಸಿದ ದೋಷಸೂಚನೆಯನ್ನೇ ಬರೆಯದೆ "ನನ್ನ ಪ್ರೋಗ್ರಾಂ ಓಡುವುದಿಲ್ಲ" ಎಂದಷ್ಟೇ ಹೇಳುವವರಿಗಂತೂ ಲೆಕ್ಕವಿಲ್ಲ. ಈ ಬೇಸರವೂ ಹೊಸದಲ್ಲ. ಸ್ಟಾಕ್ ಓವರ್‌ಫ್ಲೋಗೆ ಬಹಳ ಮೊದಲೇ ಇದ್ದ ಯೂಸ್‌ನೆಟ್ ಎಂಬ ಸಂದೇಶಜಾಲದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿಯೂ ವಿಶ್ವವಿದ್ಯಾಲಯಗಳಿಗೆ ಸೇರಿದ ಹೊಸ ವಿದ್ಯಾರ್ಥಿಗಳು ಬಂದು ತುಂಬಿಕೊಳ್ಳುತ್ತಿದ್ದರು. ಕೆಲವು ವಾರಗಳಲ್ಲಿ ರೀತಿನೀತಿ ಕಲಿಯುತ್ತಿದ್ದರು. ಜನಸಾಮಾನ್ಯರಿಗೆ ಅಂತರ್ಜಾಲ ತೆರೆದುಕೊಂಡ ಮೇಲೆ ಹೊಸಬರ ಬರವು ನಿಲ್ಲಲೇ ಇಲ್ಲ. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲವೆಂದು ಹಳಬರು ಇಂದಿಗೂ ಗೊಣಗುವುದುಂಟು.

"ಕೇಳುವ ಮುನ್ನ ಹುಡುಕಬಾರದಿತ್ತೆ?" ಎಂಬುದು ಹಳಬರ ಮುಖ್ಯ ಆಕ್ಷೇಪಣೆ. ಹುಡುಕಬೇಕು, ನಿಜ. ಆದರೆ ಹುಡುಕುವುದಕ್ಕೆ ಹೆಸರು ಗೊತ್ತಿರಬೇಕಲ್ಲ! ಹಾವನ್ನು "ಆವು" ಎಂದೇ ಕೇಳಿ ಬೆಳೆದ ನಮ್ಮ ಕಡೆಯ ಹುಡುಗನೊಬ್ಬ ನಿಘಂಟಿನಲ್ಲಿ ಆಕಾರದ ಪುಟಗಳನ್ನು ತಿರುವಿದನೆನ್ನಿ. ಅವನಿಗೆ ಹಾವು ಸಿಗದು. ಹಳಗನ್ನಡದಲ್ಲಿ ಆವು ಎಂದರೆ ಹಸುವಾದ್ದರಿಂದ ಹಸು ಸಿಕ್ಕೀತು. ಹೊಸಬನ ಸ್ಥಿತಿ ಇದೇ. ತನ್ನ ತೊಡಕಿಗೆ ಶಾಸ್ತ್ರದಲ್ಲಿ ಇರುವ ಹೆಸರನ್ನು ಬಲ್ಲವನು ಅರ್ಧ ಉತ್ತರವನ್ನು ಬಲ್ಲವನೇ. ಆದುದರಿಂದ "ಇದನ್ನು ಅಲ್ಲಿ ನೋಡು" ಎಂದು ಹಳೆಯ ಉತ್ತರದ ಕಡೆಗೆ ಕೈತೋರಿಸಿ ಪ್ರಶ್ನೆಯನ್ನು ಮುಚ್ಚುವುದು ನನ್ನ ದೃಷ್ಟಿಯಲ್ಲಿ ಉಪಕಾರವೇ ಸರಿ. ಅದರ ಜೊತೆಗೆ ಬೀಳುವ ತಿರಸ್ಕಾರದ ಮತಗಳಿಗೆ ಮಾತ್ರ ಸಮರ್ಥನೆ ಕಾಣದು.

ಹೊಸಬರ ಪ್ರಶ್ನೆಗಳಿಂದ ಇನ್ನೊಂದು ಪ್ರಯೋಜನವುಂಟು. ಅದನ್ನು ಬಲ್ಲವರು ಕೂಡ ಮರೆಯುತ್ತಾರೆ. ವಿಮ್ ಎಂಬುದು ಪ್ರೋಗ್ರಾಂ ಬರೆಯುವವರು ಬಳಸುವ ಒಂದು ಬರವಣಿಗೆಯ ಸಾಧನ. ಅದನ್ನು ತೆರೆದೊಡನೆ ಕೀಲಿಮಣೆಯ ಅಕ್ಷರಗಳು ಅಕ್ಷರಗಳಾಗಿ ಮೂಡದೆ ಆಜ್ಞೆಗಳಾಗಿ ನಡೆಯುತ್ತವೆ. ಬೇರೊಂದು ಕೆಲಸದ ನಡುವೆ ತಾನಾಗಿಯೇ ತೆರೆದುಕೊಂಡ ವಿಮ್‌ನೊಳಗೆ ಸಿಕ್ಕಿಬಿದ್ದು, ಹೊರಬರುವ ದಾರಿ ತಿಳಿಯದೆ ಒದ್ದಾಡಿದವರು ಅಸಂಖ್ಯರು. ಇದರಿಂದ ಹೊರಬರುವುದು ಹೇಗೆಂದು 2012ರಲ್ಲಿ ಒಬ್ಬರು ಕೇಳಿದರು. ನಗೆಪಾಟಲಾಗಬಹುದಾದ ಪ್ರಶ್ನೆ! ಆದರೆ 2017ರ ವೇಳೆಗೆ ಆ ಪುಟವನ್ನು ತೆರೆದು ನೋಡಿದ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. ಬಾಗಿಲು ಎಲ್ಲಿದೆಯೆಂದು ಒಬ್ಬ ಕೇಳಿದರೆ ಅವನ ಕಣ್ಣಿನಲ್ಲಿ ದೋಷವಿದ್ದೀತು. ಲಕ್ಷಾಂತರ ಮಂದಿ ಕೇಳಿದರೆ ಮನೆ ಕಟ್ಟಿದವನನ್ನು ವಿಚಾರಿಸಬೇಕು. ಜ್ವರಮಾಪಕ ರೋಗಿಯ ಮೈ ಬಿಸಿಯನ್ನು ತೋರಿಸುವಂತೆ ಇಂತಹ ಪ್ರಶ್ನೆಗಳ ರಾಶಿಯು ಸಾಧನದ ಊನವನ್ನೂ ಪಠ್ಯಪುಸ್ತಕದ ಊನವನ್ನೂ ತೋರಿಸುತ್ತದೆ. ಮೊದಲ ಪ್ರಶ್ನೆಗೇ ತಿರಸ್ಕಾರ ಉಂಡು ಮೌನವಾದವರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ.

ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಮತ್ತೊಂದು ಇಕ್ಕಟ್ಟಿದೆ. ಸ್ಟಾಕ್ ಓವರ್‌ಫ್ಲೋದ ಮುಖ್ಯ ತಾಣದಲ್ಲಿ ಇಂಗ್ಲಿಷಿನಲ್ಲಿಯೇ ಕೇಳಬೇಕು. ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನೀ ಭಾಷೆಗಳಿಗೆ ಬೇರೆ ತಾಣಗಳಾದವು, ಕನ್ನಡಕ್ಕೆ ಆಗಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗ ಬಲ್ಲಷ್ಟು ಇಂಗ್ಲಿಷಿನಲ್ಲಿ, "ಮಾನ್ಯರೇ, ನಮಸ್ಕಾರ, ನನ್ನ ಇಂಗ್ಲಿಷನ್ನು ಮನ್ನಿಸಿ" ಎಂದು ಪ್ರಾರಂಭಿಸಿ ಧನ್ಯವಾದಗಳೊಂದಿಗೆ ಮುಗಿಸುತ್ತಾನೆ. ಹಿರಿಯರಲ್ಲಿ ಏನನ್ನಾದರೂ ಕೇಳುವ ಕ್ರಮ ನಮ್ಮಲ್ಲಿ ಹಾಗೆಯೇ. ಸ್ವಲ್ಪ ಹೊತ್ತಿನಲ್ಲಿ ಯಾರೋ ಬಂದು ನಮಸ್ಕಾರವನ್ನೂ ಕ್ಷಮಾಪಣೆಯನ್ನೂ ಧನ್ಯವಾದವನ್ನೂ ಅಳಿಸಿಹಾಕುತ್ತಾರೆ. ಅದು ಅವಮಾನವಲ್ಲ. ಪ್ರಶ್ನೆ ಮುಂದೆ ಸಾವಿರ ಜನ ಓದುವ ದಾಖಲೆಯಾದ್ದರಿಂದ ಅದರಲ್ಲಿ ಉಪಚಾರದ ಮಾತು ಬೇಡವೆಂಬುದು ಅಲ್ಲಿಯ ಪದ್ಧತಿ. ಆದರೆ ಇದನ್ನು ಅವನಿಗೆ ಮೊದಲೇ ತಿಳಿಸಿದವರು ಯಾರು?

2018ರ ಏಪ್ರಿಲ್‌ನಲ್ಲಿ ತಾಣವನ್ನು ನಡೆಸುವ ಸಂಸ್ಥೆಯೇ, ಹೊಸಬರಿಗೂ ಮಹಿಳೆಯರಿಗೂ ತಮ್ಮಲ್ಲಿ ಆದರವಿಲ್ಲವೆಂಬ ಭಾವನೆ ಮೂಡಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ ಹೊಸಬರ ಹೆಸರಿನ ಬಳಿ ಗುರುತು ಹಾಕಿ, ಮೃದುವಾಗಿ ನಡೆದುಕೊಳ್ಳಿರೆಂದು ಸೂಚಿಸತೊಡಗಿತು. 2024ರಲ್ಲಿ ಇನ್ನೂ ಒಳ್ಳೆಯ ಏರ್ಪಾಡು ಬಂದಿತು: ಹೊಸಬರ ಪ್ರಶ್ನೆಗಳನ್ನು ಅನುಭವಿಗಳು ಮೊದಲು ಪಕ್ಕದ ಅಂಗಳದಲ್ಲಿ ನೋಡಿ ತಿದ್ದಿಸಿ, ಆಮೇಲೆ ಎಲ್ಲರ ಮುಂದೆ ಇಡುವುದು. ಇದು ಹತ್ತು ವರ್ಷ ಮುಂಚೆ ಬರಬೇಕಾಗಿತ್ತು. ಒಳ್ಳೆಯ ಉಪಾಧ್ಯಾಯರು ಹಲಗೆಯ ಮೇಲಿನ ತಪ್ಪನ್ನು ಹಲಗೆಯ ಮೇಲೆಯೇ ತಿದ್ದುತ್ತಾರೆ. ಹುಡುಗನ ಹಣೆಯ ಮೇಲೆ ಅಂಕ ಬರೆಯುವುದಿಲ್ಲ.

ಅಷ್ಟರಲ್ಲಿ ಬಹುಮಂದಿ ಬೇರೆ ದಾರಿ ಹಿಡಿದಿದ್ದರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಿತು. ಈ ಯಂತ್ರ ಗದರುವುದಿಲ್ಲ, ಹಿಂದೆ ಕೇಳಿದ್ದನ್ನೇ ಕೇಳಿದಿರೆಂದು ಮುಖ ಸಿಂಡರಿಸುವುದಿಲ್ಲ. ಅದು ಬರೆದ ಉತ್ತರಗಳು ನೋಡಲು ಸರಿಯೆನಿಸಿದರೂ ಎಷ್ಟೋ ಸಲ ತಪ್ಪಾಗಿರುತ್ತವೆಂಬ ಕಾರಣದಿಂದ ಸ್ಟಾಕ್ ಓವರ್‌ಫ್ಲೋ ಮರುತಿಂಗಳೇ ಅವುಗಳನ್ನು ನಿಷೇಧಿಸಿತು. ಆದರೂ ಮುಂದಿನ ವರ್ಷಗಳಲ್ಲಿ ಅಲ್ಲಿಗೆ ಬರುವ ಹೊಸ ಪ್ರಶ್ನೆಗಳು ಬಹಳವಾಗಿ ಇಳಿದುವು. ನಾಚಿಕೆಯಿಲ್ಲದೆ ಕೇಳಲು ಒಂದು ಜಾಗ ಸಿಕ್ಕಿದವರನ್ನು ನಾನು ದೂರಲಾರೆ. ಆದರೆ ಯಂತ್ರದೊಡನೆ ನಡೆದ ಸಂಭಾಷಣೆ ಅವರ ಕೋಣೆಯಲ್ಲಿಯೇ ಉಳಿಯುತ್ತದೆ. ಉತ್ತರ ತಪ್ಪಾಗಿದ್ದರೆ ತಿದ್ದುವ ಮೂರನೆಯವರಿಲ್ಲ. ಸರಿಯಾಗಿದ್ದರೆ ಪಕ್ಕದ ಊರಿನಲ್ಲಿ ಅದೇ ತೊಡಕಿನಲ್ಲಿರುವ ವಿದ್ಯಾರ್ಥಿನಿಗೆ ಅದು ದಕ್ಕುವುದಿಲ್ಲ. ನಾಳೆ ಹೊಸ ಪ್ರೋಗ್ರಾಂ ಭಾಷೆಯೊಂದು ಬಂದು, ವಿಮ್‌ನಲ್ಲಿ ಸಿಕ್ಕಿಬಿದ್ದಂತೆ ಲಕ್ಷ ಮಂದಿ ಅದರ ಒಂದೇ ಮೂಲೆಯಲ್ಲಿ ಎಡವಿದರೆ, ಆ ಸಂಗತಿ ಅದನ್ನು ರಚಿಸಿದವರ ಕಿವಿಗೆ ಮುಟ್ಟುವುದು ಯಾವ ದಾರಿಯಿಂದ?