ನಾಡಿ ಹಿಡಿಯುವ ಫೋನು

ಗಡಿಯಾರದಂತೆ ಒಂದೇ ಸಮನೆ ಬಡಿಯುವ ಹೃದಯವೇ ಗಟ್ಟಿ ಹೃದಯ ಎಂಬುದು ಬಹುಮಂದಿಯ ನಂಬಿಕೆ. ವಾಸ್ತವ ಬೇರೆಯೇ. ನಿಮಿಷಕ್ಕೆ 60 ಸಲ ಬಡಿಯುವ ಹೃದಯದಲ್ಲೂ ಎರಡು ಬಡಿತಗಳ ನಡುವಿನ ಅಂತರ ಪ್ರತಿ ಸಲವೂ 1000 ಮಿಲಿಸೆಕೆಂಡು ಇರುವುದಿಲ್ಲ. ಒಮ್ಮೆ 960, ಇನ್ನೊಮ್ಮೆ 1040. ಉಸಿರೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಈ ಏರುಪೇರಿಗೆ ‘ಹಾರ್ಟ್ ರೇಟ್ ವೇರಿಯಬಿಲಿಟಿ’, ಚಿಕ್ಕದಾಗಿ ಎಚ್‌ಆರ್‌ವಿ ಎಂದು ಹೆಸರು. ನಿದ್ದೆಗೇಡು, ಜ್ವರ, ಕುಡಿತ, ತೀರದ ಚಿಂತೆ ಇದನ್ನು ತಗ್ಗಿಸಬಲ್ಲವು.

ಸಂಗತಿ ಹೊಸದೇನಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಇನ್ನೂ ಹುಡುಗನಾಗಿದ್ದ ಕಾಲದಲ್ಲಿ, 1733ರಲ್ಲಿ, ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತದೊತ್ತಡ ಅಳೆದ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಉಸಿರಾಟದೊಡನೆ ಒತ್ತಡ ಏರಿಳಿಯುವುದನ್ನು ಆತ ಗಮನಿಸಿದ್ದ. 1996ರಲ್ಲಿ ಯೂರೋಪ್ ಮತ್ತು ಅಮೆರಿಕದ ತಜ್ಞರು ಸೇರಿ ಎಚ್‌ಆರ್‌ವಿ ಅಳತೆಗೆ ಕಟ್ಟಳೆ ಬರೆದರು. ಆಗ ಅದಕ್ಕೆ ಇಸಿಜಿ ಯಂತ್ರವೇ ಬೇಕಿತ್ತು. ಇಂದು ಬೂದಿಕೋಟೆಯ ಮನೆಯಲ್ಲಿ ಕುಳಿತು ಫೋನಿನಿಂದಲೇ ಅಳೆಯಬಹುದು.

ಹೇಗೆ? ಫೋನಿನ ಕ್ಯಾಮೆರಾ ಮತ್ತು ದೀಪದ ಮೇಲೆ ಬೆರಳಿಟ್ಟರೆ, ಪ್ರತಿ ಬಡಿತಕ್ಕೂ ಬೆರಳಿಗೆ ರಕ್ತ ನುಗ್ಗಿ ಬೆಳಕು ತುಸು ಮಂಕಾಗುತ್ತದೆ. ಕ್ಯಾಮೆರಾ ಈ ಮಿನುಗನ್ನು ಎಣಿಸುತ್ತದೆ. ತೊಡಕು ಇರುವುದೂ ಇಲ್ಲಿಯೇ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡು ಕಳೆದಿರುತ್ತದೆ. ಹಿಡಿಯಬೇಕಾದ ಏರುಪೇರೂ ಹೆಚ್ಚುಕಡಿಮೆ ಅಷ್ಟೇ! ನಡುವಿನದನ್ನು ಲೆಕ್ಕ ಹಾಕಿ ತುಂಬಬೇಕು. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ತನ್ನೇ ಓದುವುದರಿಂದ ಅದರ ಲೆಕ್ಕ ಹೆಚ್ಚು ನಂಬಿಕೆಯದು.

ಬೆರಳು ಅಲುಗಿ ಒಂದು ಬಡಿತ ತಪ್ಪಿತೆನ್ನಿ. ಎರಡು ಅಂತರಗಳು ಕೂಡಿ 2000 ಆಗುತ್ತದೆ, ಅಂಕಿ ಹಲವು ಪಟ್ಟು ಉಬ್ಬುತ್ತದೆ. ನೋಡಿದವರು ‘ಭೇಷ್’ ಎಂದುಕೊಳ್ಳುತ್ತಾರೆ. ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತಿ, ಕುಲುಕಾಟದ ನಡುವೆ ಅಳೆದರೆ ಸಿಗುವುದು ರೈಲಿನ ಸಮಾಚಾರವೇ ಹೊರತು ಹೃದಯದ್ದಲ್ಲ.

ಆದ್ದರಿಂದ ಮನೆ ಬಿಡುವ ಮುನ್ನವೇ ಅಳೆಯುವುದು ಲೇಸು. ಬೆಳಿಗ್ಗೆ ಎದ್ದು ಬಹಿರ್ದೆಸೆ ಮುಗಿಸಿ, ಕಾಫಿ ಕುಡಿಯುವ ಮೊದಲು, ದಿನವೂ ಒಂದೇ ಹೊತ್ತಿಗೆ, ಒಂದೇ ಭಂಗಿಯಲ್ಲಿ ಕೂರಬೇಕು. ಒಂದೆರಡು ನಿಮಿಷ ಸುಮ್ಮನಿದ್ದು ಆಮೇಲೆ ಶುರು ಮಾಡಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಬೆರಳನ್ನು ಅದುಮದೆ ಹಗುರವಾಗಿ ಇಡಬೇಕು. ಮಾತು, ನುಂಗುವುದು, ಆಕಳಿಕೆ ಬೇಡ. ತಜ್ಞರ ಕಟ್ಟಳೆ 5 ನಿಮಿಷ. ಮನೆಯ ಮಟ್ಟಿಗೆ ಕನಿಷ್ಠ ಒಂದು ನಿಮಿಷವಾದರೂ ಬೇಕು. ಬೆನ್ನಿಗೇ ಇನ್ನೊಮ್ಮೆ ಅಳೆದು, ಎರಡೂ ಬಹಳ ದೂರವಿದ್ದರೆ ಎರಡನ್ನೂ ಬಿಟ್ಟುಬಿಡಬೇಕು.

ಅಂಕಿಯನ್ನು ಪಕ್ಕದ ಮನೆಯವರ ಅಂಕಿಯೊಡನೆ ತೂಗುವುದು ವ್ಯರ್ಥ. ವಯಸ್ಸಾದಂತೆ ಅದು ಇಳಿಯುವುದು ಸಹಜ. ತಮ್ಮದೇ ಏಳು ದಿನಗಳ ಸರಾಸರಿಯೊಡನೆ ಹೋಲಿಸಿದರೆ ಮಾತ್ರ ಅರ್ಥವಿದೆ. ಒಂದು ದಿನ ಇಳಿದರೆ ಗಾಬರಿ ಬೇಡ; ವಾರವಿಡೀ ಇಳಿದೇ ಇದ್ದರೆ ನಿದ್ದೆ, ದಣಿವು, ಜ್ವರದ ಕಡೆ ಗಮನವಿರಲಿ. ನಾಡಿ ಅಡ್ಡಾದಿಡ್ಡಿ ಓಡುವ ‘ಏಟ್ರಿಯಲ್ ಫಿಬ್ರಿಲೇಷನ್’ ಕಾಯಿಲೆಯವರಿಗೆ, ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಈ ಅಂಕಿ ದಾರಿ ತಪ್ಪಿಸುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನು ಬದಲಿಸುತ್ತವೆ. ಅದಕ್ಕಾಗಿ ಮಾತ್ರೆ ನಿಲ್ಲಿಸುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಹುಸಿ ಧೈರ್ಯ. ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೇ ಎಂಬುದನ್ನು ಎಚ್‌ಆರ್‌ವಿ ಹೇಳಲಾರದು. ಎದೆ ಹಿಂಡಿದಂತಾಗಿ, ತಣ್ಣನೆ ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದಾಗ ಅಳೆಯುತ್ತ ಕೂರುವುದು ಕೈಯಾರೆ ಹೊತ್ತು ಕಳೆದಂತೆ. ಆಗ ಅದೇ ಫೋನಿನಲ್ಲಿ ಒತ್ತಬೇಕಾದ ಅಂಕಿ ಒಂದೇ: 108.