ಯಾವ ಬ್ರಿಡ್ಜ್?

ಕಳೆದ ಮಳೆಗಾಲದ ಒಂದು ಸಂಜೆ. ಸೇಡಂನಿಂದ ರೈಲು ಹತ್ತಿದ್ದ ಅಪ್ಪ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದಿದ್ದರು. ಅವರನ್ನು ಕರೆತರಲು ಗಚ್ಚಿಬೌಲಿಯ ಆಫೀಸಿನಿಂದ ನೇರವಾಗಿ ಹೊರಟಿದ್ದೆ. ಸೆಂಟ್ರಲ್ ಯೂನಿವರ್ಸಿಟಿ ದಾಟಿ ಸ್ವಲ್ಪ ಮುಂದೆ ಬರುವಷ್ಟರಲ್ಲಿ ವಾಹನಗಳೆಲ್ಲ ನಿಂತುಬಿಟ್ಟಿದ್ದವು. ರೈಲ್ವೆ ಬ್ರಿಡ್ಜಿನ ಕೆಳಗೆ ನೀರು ತುಂಬಿತ್ತು.

ಫೋನ್ ಮಾಡಿ, "ಅಪ್ಪಾ, ಬ್ರಿಡ್ಜ್ ಬಲ್ಲಿ ಅದೀನಿ" ಎಂದೆ. ಅಲ್ಲಿಗೆ ಅವರ ಫೋನಿನ ಚಾರ್ಜ್ ಮುಗಿಯಿತು. ಮಗ ಬ್ರಿಡ್ಜ್ ಹತ್ತಿರ ಕಾಯುತ್ತಿದ್ದಾನೆ ಎಂದುಕೊಂಡು ಅಪ್ಪ ಆಟೋ ಹತ್ತಿ "ಬ್ರಿಡ್ಜ್" ಎಂದಿದ್ದಾರೆ. ಆಟೋದವನು ಅವರನ್ನು ನಲ್ಲಗಂಡ್ಲ ಫ್ಲೈಓವರಿನ ಬುಡದಲ್ಲಿ ಇಳಿಸಿ ಹೋಗಿದ್ದಾನೆ. ಎಪ್ಪತ್ತೆರಡು ವರ್ಷದ ಮನುಷ್ಯ, ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಮೇಲೆ ಮಳೆ. ನನಗೆ ಅವರು ಸಿಕ್ಕಿದ್ದು ಒಂದೂವರೆ ಗಂಟೆಯ ಮೇಲೆ. ಬೈಯಲಿಲ್ಲ. "ಯಾವ ಬ್ರಿಜ್ ಅಂತ ಹೇಳಬೇಕಲ್ಲಪಾ" ಎಂದರು, ಅಷ್ಟೆ.

ನಿಜಕ್ಕೂ ಅದು ಯಾವ ಬ್ರಿಡ್ಜ್? ಹತ್ತು ವರ್ಷದಿಂದ ಅದರಡಿ ಓಡಾಡುತ್ತಿದ್ದರೂ ನನಗೆ ಅದರ ಹೆಸರು ಗೊತ್ತಿಲ್ಲ. ಆಟೋದವರಿಗೆ ಅದು "ಬ್ರಿಡ್ಜ್ ಕಿಂದ". ಆಫೀಸಿನವರಿಗೆ ಅಂಡರ್‌ಪಾಸ್. ಮಳೆ ಬಂದಾಗ ಟ್ರಾಫಿಕ್ ಪೊಲೀಸರ ಸೂಚನೆಯಲ್ಲಿ ಆರ್‌ಯುಬಿ. ಆ ಮೂರಕ್ಷರಕ್ಕೂ ಎರಡು ಬಿಡಿಕೆ. ರೈಲ್ವೆಯವರ ಭಾಷೆಯಲ್ಲಿ ಅದು ರೋಡ್ ಅಂಡರ್ ಬ್ರಿಡ್ಜ್, ಅಂದರೆ ಕೆಳಗೆ ಹೋಗುವ ರಸ್ತೆ ಮುಖ್ಯ. ಪತ್ರಿಕೆಗಳಲ್ಲಿ ರೈಲ್ವೆ ಅಂಡರ್ ಬ್ರಿಡ್ಜ್, ಅಂದರೆ ಮೇಲಿನ ಹಳಿ ಮುಖ್ಯ. ಕೇಳಲು ಸಣ್ಣ ವ್ಯತ್ಯಾಸ. ಆದರೆ ಇಂಥ ಕಡೆಗಳಲ್ಲಿ ಮೇಲಿನ ಸೇತುವೆ ರೈಲ್ವೆಯದು, ಕೆಳಗಿನ ರಸ್ತೆ ಊರಿನದು. ನಡುವೆ ನಿಲ್ಲುವ ನೀರು ಯಾರದು ಎನ್ನುವ ಪ್ರಶ್ನೆ ಪ್ರತಿ ಮಳೆಗೂ ಏಳುತ್ತದೆ.

ಹಳಿಗೂ ನಮಗೂ ಹಳೆಯ ನಂಟಿದೆ. ಮುಂಬೈ-ಮದರಾಸು ರೈಲುದಾರಿಗೆ ಹೈದರಾಬಾದನ್ನು ಸೇರಿಸಲು ನಿಜಾಮರ ಕಾಲದಲ್ಲಿ ಹಾಕಿದ ವಾಡಿ-ಸಿಕಂದರಾಬಾದ್ ಮಾರ್ಗ ಇದು. ಶುರುವಾದದ್ದು 1874ರಲ್ಲಿ. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿಗೆ ಬರುತ್ತದೆ. ಕಲಬುರಗಿ ಕಡೆಯ ಎಷ್ಟೋ ಮನೆಗಳವರು ಓದಿಗೆ, ದವಾಖಾನೆಗೆ, ಕೆಲಸಕ್ಕೆ ಹೈದರಾಬಾದಿಗೆ ಬಂದದ್ದು ಇದೇ ದಾರಿಯಲ್ಲಿ. ಲಿಂಗಂಪಲ್ಲಿ ಎಂಬ ಹೆಸರೂ ನಮಗೆ ಪರಕೀಯವಲ್ಲ. ಹಳಗನ್ನಡದ ಪಕಾರ ಮುಂದೆ ಹಕಾರವಾಗಿ ಪಳ್ಳಿ ಹಳ್ಳಿಯಾಯಿತು. ತೆಲುಗಿನಲ್ಲಿ ಪಲ್ಲಿ ಹಾಗೇ ಉಳಿಯಿತು. ನಮ್ಮ ಕಡೆ ಇದ್ದಿದ್ದರೆ ಇದು ಯಾವುದೋ ಲಿಂಗನಹಳ್ಳಿ.

ನೀರು ಇಲ್ಲೇ ಯಾಕೆ ನಿಲ್ಲುತ್ತದೆ? ರೈಲು ದೊಡ್ಡ ಏರಿಳಿತ ಒಪ್ಪುವುದಿಲ್ಲ, ಹಳಿಯನ್ನು ಬೇಕಾದಲ್ಲಿ ಎತ್ತಲಾಗದು. ಆದ್ದರಿಂದ ರಸ್ತೆಯೇ ತಗ್ಗಿಗೆ ಇಳಿದು ಮತ್ತೆ ಏರಬೇಕು. ಎರಡೂ ಇಳಿಜಾರಿನ ನೀರು ಆ ತಗ್ಗಿಗೇ ಬರುತ್ತದೆ. ಚರಂಡಿಯಲ್ಲಿ ಒಂದಿಷ್ಟು ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಸಾಕು, ಅದು ಬಾವಿಯಾಗುತ್ತದೆ. ಆಗ ಮೋಟಾರು ಹಚ್ಚಿಯೇ ನೀರು ಎತ್ತಬೇಕು.

ಇದು ಬರೀ ತಡವಾಗುವ ತೊಂದರೆಯೂ ಅಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ನಮ್ಮ ಹಾಗೇ ಕೆಲಸಕ್ಕೆಂದು ಊರು ಬಿಟ್ಟು ಬಂದಿದ್ದವರು. ನೀರು ಎಷ್ಟು ಆಳವಿದೆ ಎಂದು ಸ್ಟೇರಿಂಗ್ ಹಿಂದೆ ಕೂತವರಿಗೆ ಕಾಣುವುದಿಲ್ಲ. ಹೊಸಬರಿಗಂತೂ ಅಲ್ಲಿ ತಗ್ಗಿದೆ ಎಂಬುದೇ ಗೊತ್ತಿರುವುದಿಲ್ಲ. ಆರ್‌ಯುಬಿ ಎನ್ನುವ ಮೂರಕ್ಷರ ಅದನ್ನು ಹೇಳುವುದೂ ಇಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಅಪ್ಪ ಸುಲಭವಾಗಿ ಇತ್ಯರ್ಥ ಮಾಡಿದರು. "ಅದು ತಗ್ಗಿನ ಬ್ರಿಜ್. ನನ್ನ ಇಳಿಸಿದ್ದು ಎತ್ತರದ ಬ್ರಿಜ್. ಇನ್ಮ್ಯಾಲೆ ಹಂಗ ಹೇಳು."

ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದೆ. ಮೊದಲು ಎಲ್ಲರೂ ನಕ್ಕರು. ಈಗ ಮೋಡ ಕವಿದ ಸಂಜೆ ಯಾರಾದರೊಬ್ಬರು ಬರೆಯುತ್ತಾರೆ: "ತಗ್ಗಿನ ಬ್ರಿಡ್ಜಲ್ಲಿ ನೀರು, ಎತ್ತರದ ಬ್ರಿಡ್ಜ್ ಮೇಲೆ ಬನ್ನಿ." ಮೊನ್ನೆ ಪಕ್ಕದ ಮನೆಯ ತೆಲುಗಿನವರೂ ಕೇಳಿದರು, ತಗ್ಗು ಅಂದರೇನು ಅಂತ. ಹೇಳಿಕೊಟ್ಟೆ. ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಮನೆಯವರೆಲ್ಲ ಕೂತು ಅದಕ್ಕೊಂದು ಹೆಸರಿಡಿ. ಊರಿಂದ ಬರುವ ಅಪ್ಪ ಅಮ್ಮನಿಗೂ ಹೇಳಿಡಿ.